ತುಟಿಯಲ್ಲಿ ಹಿಡಿದ ದಾರ

ಆ ಶುಕ್ರವಾರ ನಿಜಕ್ಕೂ ಏನೇನಾಯಿತು ಎಂದು ನನಗೆ ಖಚಿತವಿಲ್ಲ. ಮೀನು ಸಿಕ್ಕಿತು, ಸ್ಪರ್ಧೆಯಲ್ಲಿ ಗೆದ್ದೆವು, ಇಷ್ಟು ನಿಜ. ಮೀನಿನ ತೂಕ ಕೇಳಿದರೆ ಅಪ್ಪ ಹದಿನಾಲ್ಕು ಕಿಲೋ ಅನ್ನುತ್ತಾರೆ, ಅಮ್ಮ ಒಂಬತ್ತು ಅನ್ನುತ್ತಾಳೆ, ನನ್ನ ತಲೆಯಲ್ಲಿ ಹನ್ನೊಂದು ಎಂದು ಕೂತಿದೆ. ತೂಕದ ಮಾತು ಬಿಡಿ. ನಾನು ತಿಳಿಯಬೇಕಾದದ್ದು ಬೇರೆ. ಅಪ್ಪನ ಕೈಬೆರಳುಗಳಲ್ಲಿ ಸ್ಪರ್ಶ ಉಳಿದಿಲ್ಲ ಎನ್ನುವುದು ನನಗೆ ಆ ದಿನವೇ ಗೊತ್ತಾಗಿತ್ತೇ, ಆಮೇಲೆ ಗೊತ್ತಾಯಿತೇ? ಆ ದಿನವೇ ಗೊತ್ತಾಗಿದ್ದರೆ, ಮುಂದಿನ ಮಂಗಳವಾರ ಕ್ಲಿನಿಕ್ಕಿನಲ್ಲಿ ನಾನು ಮಾಡಿದ್ದನ್ನು ತಪ್ಪು ಅಂದರೆ ಸಾಲದು.

ನಾನು ಸಂಖ್ಯಾಶಾಸ್ತ್ರ ಓದಿದವನು. ಯಾರ ನೆನಪನ್ನೂ ಪುರಾವೆಯೆಂದು ಒಪ್ಪಬಾರದು ಅಂತ ಕಲಿತದ್ದು ವಿಶ್ವವಿದ್ಯಾಲಯದಲ್ಲಿ, ಅದನ್ನು ನನ್ನ ಮೇಲೆಯೇ ಪ್ರಯೋಗಿಸಿ ನೆಮ್ಮದಿ ಕಳೆದುಕೊಂಡದ್ದು ಆಮೇಲೆ. ಒಂದು ಕೆಲಸದಲ್ಲಿ, ಒಂದು ಬಾಡಿಗೆ ಮನೆಯಲ್ಲಿ ಎರಡು ವರ್ಷ ದಾಟಿದವನಲ್ಲ. ಇನ್ನೊಂದು ವಿಷಯ: ನಮ್ಮ ಮನೆಮಾತು ತುಳು. ಇಲ್ಲಿ ಬರುವ ಮಾತುಗಳನ್ನೆಲ್ಲ ನಾನು ಕನ್ನಡಕ್ಕೆ ತಂದಿದ್ದೇನೆ. ಅಂದರೆ ಸಾಕ್ಷಿ ಹೇಳುವವನು ಕಟಕಟೆ ಹತ್ತುವಾಗಲೇ ಮಾತು ಬದಲಿಸಿದ ಹಾಗಾಯಿತು. ಓದುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಪ್ಪ ಆಗ ಒಮಾನಿನ ಸುವೈಕ್‌ನ ಹೊರಗೆ, ಪೈಪುಗಳನ್ನು ರಾಶಿ ಹಾಕುವ ಒಂದು ಯಾರ್ಡಿನಲ್ಲಿ ಕ್ರೇನ್ ಆಪರೇಟರ್ ಆಗಿದ್ದರು. "ಕ್ರೇನ್ ಓಡಿಸುವುದು ಕಣ್ಣಲ್ಲಿ ಅಲ್ಲ ಮಾರಾಯ, ಬೆರಳಲ್ಲಿ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಲಿವರನ್ನು ಒಂದು ಕೂದಲೆಳೆಯಷ್ಟು ಎಳೆದ್ರೆ ಎರಡು ಟನ್ ಮಾಲು ಒಂದು ಗೇಣು ಇಳೀತದೆ. ಎರಡು ಕೂದಲೆಳೆ ಎಳೆದ್ರೆ ಯಾರದ್ದೋ ತಲೆ ಮೇಲೆ." ಹದಿನೈದು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಆಪರೇಟರುಗಳಿಗೆ ಪ್ರತಿವರ್ಷ ವೈದ್ಯಕೀಯ ಪರೀಕ್ಷೆ ಇರುತ್ತಿತ್ತು. ಅದರ ಫಿಟ್‌ನೆಸ್ ಕಾಗದ ಇಲ್ಲದೆ ಕ್ಯಾಬಿನ್ ಹತ್ತುವ ಹಾಗಿಲ್ಲ. ಆಪರೇಟರ್ ಅಂತ ಬಂದವನು ಕ್ಯಾಬಿನ್ ಹತ್ತದಿದ್ದರೆ ವೀಸಾ ಮುಂದುವರಿಯುವುದಿಲ್ಲ, ಖಲಾಸ್. ಆ ವರ್ಷ ಅಕ್ಕ ಇಂಜಿನಿಯರಿಂಗ್ ಮುಗಿಸಿರಲಿಲ್ಲ. ನಾನು ಎಂಎಸ್ಸಿ ಮುಗಿಸಿ, ವಿಸಿಟ್ ವೀಸಾದಲ್ಲಿ ಬಂದು, ಅಪ್ಪನ ಸೋಫಾದ ಮೇಲೆ ಮಲಗಿ ಕೆಲಸ ಹುಡುಕುತ್ತಿದ್ದೆ. ಮನೆ ನಿಂತಿದ್ದದ್ದು ಆ ಒಂದು ಕಾಗದದ ಮೇಲೆ. ಮಂಗಳವಾರ ಪರೀಕ್ಷೆ, ಅದಕ್ಕೆ ಮುಂಚಿನ ಶುಕ್ರವಾರ ಕಂಪನಿಯ ನೌಕರರ ಮೀನು ಹಿಡಿಯುವ ಸ್ಪರ್ಧೆ.

ಚಳಿಗಾಲದ ಬೆಳಿಗ್ಗೆ. ತೀರದಲ್ಲಿ ಹತ್ತು ಹನ್ನೆರಡು ಫೈಬರ್ ದೋಣಿಗಳು ಮರಳಿನ ಮೇಲೆ ಸಾಲಾಗಿ ನಿಂತಿದ್ದವು. ನಿಯಮ ಸರಳ: ಒಂದು ದೋಣಿಗೆ ಇಬ್ಬರು, ಜೊತೆಗೆ ದೋಣಿಯವನು. ಒಬ್ಬನೇ ಎಳೆದು ತಂದ ಒಂದು ಮೀನು, ಎಲ್ಲಕ್ಕಿಂತ ಭಾರದ್ದು, ಗೆಲ್ಲುತ್ತದೆ. ತೂಕ ನೋಡುವ ಕೆಲಸವನ್ನು ಮೈಸೂರಿನ ಅಕೌಂಟೆಂಟ್ ಒಬ್ಬರಿಗೆ ಒಪ್ಪಿಸಿದ್ದರು. ಅವರು ಮೀನು ತಿನ್ನುವವರಲ್ಲ, ಹಾಗಾಗಿ ಪಕ್ಷಪಾತ ಮಾಡಲಾರರು ಎಂಬ ವಾದ. ಪಾಪ, ಅವರು ಸೂರ್ಯ ಹುಟ್ಟುವ ಮೊದಲೇ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಕುರ್ಚಿ ಹಾಕಿ ಕೂತಿದ್ದರು.

ಎಲ್ಲರ ಕೈಯಲ್ಲೂ ರಾಡು, ರೀಲು. ಅಪ್ಪ ಮಾತ್ರ ಒಂದು ಹಲಗೆ ತುಂಡಿಗೆ ಸುತ್ತಿದ ನೈಲಾನ್ ದಾರ ತಂದಿದ್ದರು. ದಾರದ ತುದಿಯಲ್ಲಿ ಸೀಸದ ಗುಂಡು, ಅದರ ಮೇಲೆ ಗೇಣು ಅಂತರದಲ್ಲಿ ಎರಡು ಗಾಳ. ಊರಲ್ಲಿ ಐಟಿಐ ಸೇರುವ ಮೊದಲು ಅಜ್ಜನ ಜೊತೆ ಸಮುದ್ರಕ್ಕೆ ಹೋಗುತ್ತಿದ್ದಾಗ ಕಲಿತದ್ದು.

"ಏನ್ ಸಾರ್, ಗಾಳಿಪಟ ಹಾರ್ಸೋಕೆ ಬಂದ್ರಾ?" ಎಂದು ಅಕೌಂಟೆಂಟ್ ಕರ್ಚೀಫಿನೊಳಗಿಂದಲೇ ಕೇಳಿದರು.

"ನಿಮ್ಮ ತಕ್ಕಡಿಗೆ ಎಣ್ಣೆ ಬಿಟ್ಟು ಇಡಿ ಸಾರ್" ಎಂದರು ಅಪ್ಪ. "ಮಧ್ಯಾಹ್ನ ಅದಕ್ಕೆ ಕೆಲಸ ಉಂಟು."

ಹತ್ತಿರ ನಿಂತಿದ್ದ ಒಡಿಶಾದ ರಿಗ್ಗರ್ ಗಟ್ಟಿಯಾಗಿ ನಕ್ಕ. ರಿಗ್ಗರ್ ಅಂದರೆ ಕ್ರೇನಿನ ಕೆಳಗೆ ನಿಂತು ಮಾಲಿಗೆ ಸರಪಳಿ ಹಾಕಿ, ಮೇಲಿರುವ ಆಪರೇಟರಿಗೆ ಕೈಸನ್ನೆ ಮಾಡುವವನು. ನಲವತ್ತು ದಾಟಿದವನು, ಆರು ವರ್ಷದಿಂದ ಅಪ್ಪನ ಜೋಡಿ. ಇಬ್ಬರೂ ದಿನವಿಡೀ ಕೈಯಲ್ಲೇ ಮಾತಾಡಿ ಆಡಿ, ಎದುರಿಗೆ ಸಿಕ್ಕಾಗಲೂ ಮಾತು ಕಡಿಮೆ. ಆ ದಿನ ಅವನದು ತೀರದಲ್ಲಿ ಒಲೆ ಹಚ್ಚುವ ಕೆಲಸ. ನಮ್ಮ ದೋಣಿಯನ್ನು ನೀರಿಗೆ ತಳ್ಳಿದಾಗ ಅವನು ಎರಡೂ ಕೈ ಎತ್ತಿ, ಯಾರ್ಡಿನಲ್ಲಿ ಮಾಡುವ ಹಾಗೆಯೇ, ನಿಧಾನ, ಮುಂದೆ, ನಿಧಾನ ಎಂದು ಸನ್ನೆ ಮಾಡಿದ. ಅಪ್ಪ ದೋಣಿಯ ಮೇಲಿಂದ ಸೆಲ್ಯೂಟ್ ಹೊಡೆದರು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ಪಷ್ಟವಾಗಿ ನೆನಪಿರುವುದೆಲ್ಲ ನಡೆದದ್ದೇ ಎಂದು ಹೇಳಲು ಮಾತ್ರ ಬಾಯಿ ಬರುವುದಿಲ್ಲ.

ದೋಣಿಯವನು ಒಮಾನಿ ಮುದುಕ, ಅಪ್ಪನಿಗಿಂತ ಹತ್ತು ವರ್ಷ ದೊಡ್ಡವನು ಇರಬಹುದು. ಒಂದೂ ಮಾತಾಡದೆ ಮುಕ್ಕಾಲು ಗಂಟೆ ಓಡಿಸಿ ಒಂದು ಕಡೆ ಇಂಜಿನ್ ನಿಲ್ಲಿಸಿದ. ಕೆಳಗೆ ಬಂಡೆ ಇದೆ ಎಂದು ಕೈ ತಿರುಗಿಸಿ ತೋರಿಸಿದ. "ಹಮೂರ್" ಎಂದ. ಊರಲ್ಲಿ ನಾವು ಮುರು ಮೀನು ಎನ್ನುವುದು ಅದನ್ನೇ. ಆಮೇಲೆ ನಮಗೆ ಕಹ್ವಾ, ಅಂದರೆ ಅರಬ್ಬಿ ಕಾಫಿ, ಬಗ್ಗಿಸಿ ಕೊಟ್ಟ, ಖರ್ಜೂರದ ಡಬ್ಬಿ ಚಾಚಿದ. ಸಕ್ಕರೆ ಕಾಯಿಲೆಯ ಅಪ್ಪ ಮೂರು ತಿಂದರು. ನಾನು ನೋಡಿದ್ದನ್ನು ನೋಡಿ, "ಮನೇಲಿ ಹೇಳ್ಬೇಡ" ಎಂದರು.

ಅಪ್ಪ ಎರೆಗೆಂದು ತಂದ ಬೂತಾಯಿ ಮೀನನ್ನು ಗಾಳಕ್ಕೆ ಸಿಕ್ಕಿಸಲು ಹೊರಟರು. ಮೊದಲನೆಯದು ಕೈಜಾರಿತು. ಎರಡನೆಯದೂ ಜಾರಿತು. "ನೀನೇ ಹಾಕು ಮಾರಾಯ, ಕನ್ನಡಕ ತರಲಿಲ್ಲ" ಎಂದು ನನ್ನ ಕೈಗೆ ಕೊಟ್ಟರು. ಕನ್ನಡಕ ಅವರ ಕಿಸೆಯಲ್ಲೇ ಇತ್ತು. ಅದು ಆಗಲೇ ನನಗೆ ಕಂಡಿತ್ತೇ, ಅಥವಾ ಎಲ್ಲ ಗೊತ್ತಾದ ಮೇಲೆ ನಾನೇ ಕಿಸೆಯಲ್ಲಿ ಇಟ್ಟೆನೇ, ಹೇಳಲಾರೆ.

ದಾರ ಬಿಟ್ಟು, ಗುಂಡು ತಳ ಮುಟ್ಟಿದ ಮೇಲೆ ಅಪ್ಪ ಒಂದು ವಿಚಿತ್ರ ಕೆಲಸ ಮಾಡಿದರು. ದಾರವನ್ನು ಅಂಗೈಗೆ ಸುತ್ತಿಕೊಂಡು, ಅದರ ಬಿಗಿಯಾದ ಭಾಗವನ್ನು ಕೆಳತುಟಿಯ ಮೇಲಿಟ್ಟು ಮೆಲ್ಲನೆ ಬಾಯಿ ಮುಚ್ಚಿದರು.

"ಅದೆಂತ ಅಪ್ಪಾ?"

ದಾರ ತೆಗೆದು ಹೇಳಿದರು: "ಅಜ್ಜ ಹೀಗೇ ಹಿಡೀತಿದ್ದದ್ದು. ಕೈಗಿಂತ ತುಟಿಗೆ ಬೇಗ ಗೊತ್ತಾಗ್ತದೆ. ಮೀನು ಮೂಸಿದ್ರೂ ಗೊತ್ತಾಗ್ತದೆ."

"ಮೀನು ಎಳೆದ್ರೆ ತುಟಿ ಹೋಗುದಿಲ್ವಾ?"

"ಅಷ್ಟರೊಳಗೆ ಬಿಡ್ಬೇಕು. ಅದಕ್ಕೇ ಅಲ್ವಾ ಅಜ್ಜನ ಕೈಯಲ್ಲಿ ಕಲೀಬೇಕು ಅನ್ನುದು."

ಬಹಳ ವರ್ಷ ಕಳೆದು ಊರಿನ ಚಿಕ್ಕಪ್ಪನನ್ನು ಇದರ ಬಗ್ಗೆ ಕೇಳಿದೆ. ಅವರೂ ಅಜ್ಜನ ಜೊತೆ ಹೋಗುತ್ತಿದ್ದವರೇ. "ನಿನ್ನ ಅಜ್ಜ ಬಾಯಲ್ಲಿ ಬೀಡಿ ಬಿಟ್ರೆ ಬೇರೆಂತದೂ ಇಟ್ಟವರಲ್ಲ" ಎಂದರು.

ಒಂದು ಗಂಟೆ ಏನೂ ಆಗಲಿಲ್ಲ. ಬಿಸಿಲು ಏರಿತು. ಅಪ್ಪನ ತುಟಿ ಉಪ್ಪುನೀರಿಗೆ ಒಡೆದು ಕೆಂಪಾಗಿತ್ತು. ಆಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ನಿನ್ನ ರಾಡು ಬದಿಗಿಡು. ಇಲ್ಲಿ ಕೂತು ನನ್ನ ದಾರ ನೀರಿಗೆ ಇಳಿಯುವ ಜಾಗ ನೋಡ್ತಾ ಇರು. ಸ್ವಲ್ಪ ನಡುಗಿದ್ರೂ ನನ್ನ ಮೊಣಕಾಲಿಗೆ ನಿನ್ನ ಮೊಣಕಾಲು ತಟ್ಟು. ಬಾಯಿ ಬಿಡ್ಬೇಡ."

"ಹೇಳಿದ್ರೆ ಆಗುದಿಲ್ವಾ?"

"ಮೀನಿಗೆ ಕೇಳ್ತದೆ."

ದೋಣಿಯವನು ಹಿಂದೆ ಕೂತು ರೇಡಿಯೋ ಹಾಕಿದ್ದ, ಅದೂ ಜೋರಾಗಿ. ಆದರೂ ನಾನು ಇನ್ನೇನೂ ಕೇಳಲಿಲ್ಲ. ಹೀಗೆ ನಾವಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ನನಗೆ ಬುದ್ಧಿ ಬಂದ ಮೇಲೆ ಅಪ್ಪನಿಗೆ ಅಷ್ಟು ಹೊತ್ತು ತಾಗಿಕೊಂಡು ಕೂತದ್ದು ಅದೇ ಮೊದಲು.

ದಾರ ನಡುಗಿತು. ನಾನು ತಟ್ಟಿದೆ. ಅಪ್ಪ ತುಟಿಯಿಂದ ದಾರ ಬಿಟ್ಟು ಒಂದೇ ಎಳೆತ ಎಳೆದರು. ಖಾಲಿ. ಇನ್ನೊಮ್ಮೆ ತಟ್ಟಿದೆ, ಸಣ್ಣದೊಂದು ಬಂತು, ಬಿಟ್ಟರು. ಮೂರನೆಯ ಸಲ ದಾರ ನಡುಗಲಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿಯಿತು, ಯಾರೋ ಬಾಗಿಲು ತೆರೆದ ಹಾಗೆ. ತಟ್ಟಿದೆ. ಅಪ್ಪ ಎಳೆದರು, ದೋಣಿಯೇ ಆ ಕಡೆ ವಾಲಿತು.

"ಹಿಡಿ ಅಪ್ಪಾ, ಬಂಡೆಯೊಳಗೆ ಹೋಗ್ತದೆ!"

"ಬಾಯಿ ಮುಚ್ಚು!" ಎಂದರು. ನಗುತ್ತಿದ್ದರು.

ಮುದುಕ ಎದ್ದು ನಿಂತು ಅರಬ್ಬಿಯಲ್ಲಿ ಕೂಗತೊಡಗಿದ. ಯಲ್ಲಾ, ಯಲ್ಲಾ ಎಂಬುದೊಂದೇ ನನಗೆ ತಿಳಿದದ್ದು. ಅಪ್ಪ ಎಳೆಯುತ್ತಿದ್ದ ರೀತಿ ಸರಿಯಿರಲಿಲ್ಲ. ಬೆರಳಿನಿಂದ ದಾರ ಬಿಟ್ಟು ಹಿಡಿದು ಬಿಟ್ಟು ಹಿಡಿದು ತರಬೇಕಾದ್ದನ್ನು, ಅವರು ಅಂಗೈಗೆ ಸುತ್ತಿ ಸುತ್ತಿ ಮೊಣಕೈಯ ಬಲದಲ್ಲಿ ಹಿಂದಕ್ಕೆ ಬೀಳುತ್ತ ತರುತ್ತಿದ್ದರು. ದಾರ ಅಂಗೈಯೊಳಗೆ ಇಳಿಯುತ್ತಿತ್ತು. ಮುದುಕ ತನ್ನ ಅಂಗೈ ತೋರಿಸಿ ಏನೋ ಹೇಳಿದ. ಅಪ್ಪನಿಗೆ ಅದು ಕೇಳಿಸಲೇ ಇಲ್ಲ.

ಮೀನು ಮೇಲೆ ಬಂದಾಗ ನನಗೆ ಹೆದರಿಕೆಯಾಯಿತು. ಕಂದು ಮೈ, ಅಗಲ ಬಾಯಿ, ಆಳದಿಂದ ಎಳೆದದ್ದಕ್ಕೆ ಹೊಟ್ಟೆಯೊಳಗಿನದು ಬಾಯಿಗೆ ಬಂದಿತ್ತು, ಕಣ್ಣು ಉಬ್ಬಿತ್ತು. ಒಂದು ಗಾಳ ಅದರ ದವಡೆಯಲ್ಲಿ, ಇನ್ನೊಂದು ಹೊರಗೆ ತೂಗಾಡುತ್ತಿತ್ತು. ಅಪ್ಪ ಬಗ್ಗಿ ಕಿವಿರಿನೊಳಗೆ ಕೈ ಹಾಕಿ ಎತ್ತಿ ದೋಣಿಯೊಳಗೆ ಕೆಡವಿದರು. ಮುದುಕ ಚಾಕುವಿನಿಂದ ದಾರ ಕತ್ತರಿಸಿದ. ಎಲ್ಲ ಕಡೆ ರಕ್ತ. ಮೀನಿನದು ಎಂದುಕೊಂಡೆ. ಹಾಗೆಂದೇ ಇಷ್ಟು ವರ್ಷವೂ ನಾನು ಹೇಳಿಕೊಂಡು ಬಂದದ್ದು.

ಅಪ್ಪ ಆ ಮೀನಿನ ಪಕ್ಕದಲ್ಲಿ ಕೂತುಬಿಟ್ಟರು. "ನೋಡಿದ್ಯಾ" ಎಂದರು ನನಗೆ. "ಕೈ ಇನ್ನೂ ಉಂಟು."

ತೀರದಲ್ಲಿ ನಮ್ಮ ಹಮೂರ್ ಮುಂದೆ ಬೇರೆ ಯಾರದ್ದೂ ಸಾಟಿ ಇರಲಿಲ್ಲ. ಮೀನನ್ನು ತಕ್ಕಡಿಯ ಕೊಕ್ಕೆಗೆ ಏರಿಸುವಾಗ ರಿಗ್ಗರ್ ಎದುರು ನಿಂತು ಮೇಲೆ, ಮೇಲೆ, ಸಾಕು ಎಂದು ಕೈಸನ್ನೆ ಮಾಡಿದ. ಜನ ಬಿದ್ದು ಬಿದ್ದು ನಕ್ಕರು. ಅಕೌಂಟೆಂಟ್ ಕರ್ಚೀಫ್ ಕಳಚಿ, ಉಸಿರು ಬಿಗಿಹಿಡಿದು, ತೂಕ ಓದಿದರು. "ಗಾಳಿಪಟದ ದಾರಕ್ಕೇ ಪ್ರೈಜು!" ಎಂದು ಕೂಗಿದರು. ಆಮೇಲೆ ತಮ್ಮ ಫೋನಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದರು. "ಇಲ್ಲಿ ನೋಡಿ, ಎಲ್ರೂ ಇಲ್ಲಿ ನೋಡಿ."

ನಮ್ಮ ಮನೆಯಲ್ಲಿ ಆ ಫೋಟೋ ಇದೆ. ಅಮ್ಮ ಸ್ಟುಡಿಯೋದಲ್ಲಿ ಕೊಟ್ಟು ಬೇರೆಯವರನ್ನೆಲ್ಲ ಕತ್ತರಿಸಿ, ಅಪ್ಪನ ಮುಖ ಮತ್ತು ಮೀನಿನ ಬಾಯಿ ಮಾತ್ರ ಇರುವ ಹಾಗೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದಳು.

ಮಂಗಳವಾರ ಅಪ್ಪನ ಕಾರು ಓಡಿಸಿಕೊಂಡು ನಾನೇ ಕ್ಲಿನಿಕ್ಕಿಗೆ ಹೋದೆ. ಅಂಗೈಯ ಗಾಯಕ್ಕೆ ಅಪ್ಪ ಬ್ಯಾಂಡೇಜ್ ಸುತ್ತಿದ್ದರು. ಡಾಕ್ಟರಿಗೆ ಮೀನಿನ ಕತೆ ಹೇಳಿದರು, ಡಾಕ್ಟರ್ ಖುಷಿಪಟ್ಟರು. ಕಣ್ಣು, ಕಿವಿ, ಬಿಪಿ ಆಯಿತು. ಸಕ್ಕರೆ ಇರುವವರಿಗೆ ಇನ್ನೊಂದು ಪರೀಕ್ಷೆ ಉಂಟೆಂದು ನರ್ಸಮ್ಮ ಪಕ್ಕದ ಕೋಣೆಗೆ ಕರೆದಳು. ಎರಡು ಕುರ್ಚಿ ಒತ್ತಾಗಿ ಇದ್ದವು, ನಾನೂ ಕೂತೆ. ಅವಳ ಕೈಯಲ್ಲಿ ಪೆನ್ನಿನಂಥ ಹಿಡಿ, ಅದರ ತುದಿಯಲ್ಲಿ ಒಂದು ಇಂಚಿನಷ್ಟು ನೈಲಾನ್ ಎಳೆ. ನೋಡಿದರೆ ಗಾಳದ ದಾರದ ತುಂಡೇ.

"ಅಂಕಲ್, ಕಣ್ಣು ಮುಚ್ಚಿ. ನಾನು ಬೆರಳು ಮುಟ್ಟಿದಾಗ ಹೂಂ ಅನ್ನಿ."

ಅಪ್ಪ ಕಣ್ಣು ಮುಚ್ಚಿದರು. ಅವಳು ತೋರುಬೆರಳ ತುದಿಗೆ ಎಳೆ ಒತ್ತಿದಳು, ಅದು ಬಾಗಿತು. ಅಪ್ಪ ಸುಮ್ಮನೆ ಕೂತಿದ್ದರು. ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ, ಕಣ್ಣು ಮುಚ್ಚಿ ಕೂತಿದ್ದ ಆ ಮುಖ. ಅವಳು ಇನ್ನೊಮ್ಮೆ ಒತ್ತಿದಳು.

ನನ್ನ ಮೊಣಕಾಲು ಅವರ ಮೊಣಕಾಲಿಗೆ ತಟ್ಟಿತು.

"ಹೂಂ" ಎಂದರು ಅಪ್ಪ.

ತಟ್ಟಿದೆ ಎನ್ನಬೇಕೇ, ತಟ್ಟಿತು ಎನ್ನಬೇಕೇ? ಅಪ್ಪನೇ ಮೊದಲು ತಮ್ಮ ಮೊಣಕಾಲನ್ನು ನನ್ನ ಕಡೆ ಸರಿಸಿದ್ದರೇ? ಕುರ್ಚಿಗಳು ಹತ್ತಿರವಿದ್ದವು ಎಂಬ ನೆವ ನನಗೆ ಬಹಳ ದಿನ ಸಾಕಾಗಿತ್ತು. ಆದರೆ ಎರಡು ಕೈಯ ಹತ್ತು ಬೆರಳಿಗೂ ನರ್ಸ್ ಎಳೆ ಒತ್ತಿದಳು, ಮೊದಲನೆಯದು ಬಿಟ್ಟು ಒಂದಕ್ಕೂ ಎರಡನೆಯ ಸಲ ಒತ್ತಬೇಕಾಗಲಿಲ್ಲ. "ಗುಡ್ ಅಂಕಲ್" ಎಂದಳು. ಕಾಗದಕ್ಕೆ ಸಹಿ ಬಿತ್ತು. ಕಾರು ಮನೆ ಹತ್ತಿರ ಬಂದಾಗ, "ಅಮ್ಮನಿಗೆ ಏನಾದ್ರೂ ತಕ್ಕೊಂಡು ಹೋಗುವ" ಎಂದರು. ಒಂದು ಡಬ್ಬಿ ಒಮಾನಿ ಹಲ್ವಾ ತೆಗೆದುಕೊಂಡೆವು.

ನಾನು ಬೆಂಗಳೂರಿಗೆ ಮರಳಿದ ಮೇಲೆ, ಆರನೆಯ ವಾರ ಇರಬೇಕು, ಅಮ್ಮನ ಫೋನು ಬಂತು. ಅಪ್ಪ ಇಳಿಸುತ್ತಿದ್ದ ಪೈಪುಗಳ ಕಟ್ಟು ನಿಲ್ಲಬೇಕಾದ ಕಡೆ ನಿಲ್ಲದೆ ಒಂದು ಮೊಳ ಹೆಚ್ಚು ಇಳಿದಿತ್ತು. ಕೆಳಗೆ ರಿಗ್ಗರ್ ಇದ್ದ. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅವನು ಸಾಕು ಎಂದು ಸನ್ನೆ ಮಾಡಿದ್ದನ್ನು ಯಾರ್ಡಿನಲ್ಲಿ ಎಲ್ಲರೂ ನೋಡಿದ್ದರು. ಅಪ್ಪನೂ ನೋಡಿದ್ದರು. ವಿಚಾರಣೆಯ ವರದಿ ಗಾಳಿಯ ರಭಸ ಎಂದು ಬರೆಯಿತು.

ಅಪ್ಪನಿಗೆ ಫೋನ್ ಕೊಡಲು ಹೇಳಿದೆ. "ಗಾಳಿ ಇತ್ತು" ಎಂದರು ಅಪ್ಪ.

ಅವರು ಮತ್ತೆ ಕ್ಯಾಬಿನ್ ಹತ್ತಲಿಲ್ಲ. ತಾವಾಗಿಯೇ ಕೇಳಿ ಸ್ಟೋರಿಗೆ ಹೋದರು, ಕರಾರು ಮುಗಿಯುವ ತನಕ ಅಲ್ಲಿದ್ದರು. ಆ ದಿನ ಗಾಳಿ ಎಷ್ಟಿತ್ತೆಂದು ನಾನು ಹುಡುಕಲು ಹೋದೆ, ಯಾರ್ಡಿನ ಗಾಳಿಯನ್ನು ಯಾರೂ ಅಳೆದಿರಲಿಲ್ಲ. ಬೆರಳೋ ಗಾಳಿಯೋ ಎನ್ನುವುದು ಇನ್ನು ತಿಳಿಯುವಂತಿಲ್ಲ. ರಿಗ್ಗರ್ ಊರಿಗೆ ಹೋದ. ಅವನಿಗೆ ಫೋನ್ ಮಾಡಬೇಕೆಂದು ಎರಡು ಸಲ ನಂಬರ್ ತೆಗೆದು ಇಟ್ಟಿದ್ದೇನೆ.

ತಿಳಿಯಬಹುದಾದದ್ದು ಒಂದೇ ಉಳಿದಿತ್ತು, ನನಗೆ ಗೊತ್ತಾದದ್ದು ಯಾವಾಗ ಎಂಬುದು. ನನಗೊಂದು ನೆನಪಿದೆ: ಅಪ್ಪನ ಬಲಗೈ ಹೆಬ್ಬೆರಳ ಬುಡಕ್ಕೆ ಗಾಳ ಚುಚ್ಚಿಕೊಂಡಿದೆ. ನಾನು ಇಕ್ಕಳದಿಂದ ಅದರ ಮುಳ್ಳನ್ನು ಚರ್ಮದಾಚೆಗೆ ದಾಟಿಸಿ ಕತ್ತರಿಸಿ ತೆಗೆಯುತ್ತಿದ್ದೇನೆ. ಅಪ್ಪ ಟಿವಿ ನೋಡುತ್ತಿದ್ದಾರೆ. ಮುಖ ಚೂರೂ ಕಿವುಚದೆ, "ಆಯ್ತಾ?" ಎಂದು ಕೇಳುತ್ತಿದ್ದಾರೆ. ಇದು ಮರುವರ್ಷ ನಾನು ರಜೆಯಲ್ಲಿ ಹೋದಾಗ, ಅಪ್ಪ ಹಳೆಯ ಗಾಳಗಳನ್ನು ತೊಳೆದಿಡುವಾಗ ಆದದ್ದು ಎಂದು ನಾನು ನಂಬಿದ್ದೆ. ಅಪ್ಪ ಕೇಳಿದರೆ ಅಂಥದ್ದು ಆಗಲೇ ಇಲ್ಲ ಅನ್ನುತ್ತಾರೆ. ಅಮ್ಮ ಮಾತ್ರ ಒಂದು ಸಲ, ಮಸ್ಕತ್ತಿನ ಹಮ್ರಿಯಾದಲ್ಲಿ ಅಕ್ಕನ ಮನೆಯಲ್ಲಿ ತರಕಾರಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು: "ಮರುವರ್ಷ ಎಂತ? ಮೀನು ಗೆದ್ದ ದಿನ ಅಲ್ವಾ. ನಿನ್ನ ಅಂಗಿ ಇನ್ನೂ ಒದ್ದೆ ಇತ್ತು."

ಅಪ್ಪ ಅಮ್ಮ ಈಗ ಅಕ್ಕನ ಜೊತೆ ಅಲ್ಲೇ ಇದ್ದಾರೆ. ಅಪ್ಪ ಚಹಾ ಕುಡಿಯುವುದು ಹಿಡಿ ಇರುವ ಸ್ಟೀಲ್ ಲೋಟದಲ್ಲಿ, ಎರಡೂ ಕೈಯಲ್ಲಿ ಹಿಡಿದು. ಬಂದವರಿಗೆ ಕಟ್ಟು ಹಾಕಿದ ಫೋಟೋ ತೋರಿಸಿ ಹದಿನಾಲ್ಕು ಕಿಲೋ ಅನ್ನುತ್ತಾರೆ, ಮಗ ಪಕ್ಕದಲ್ಲೇ ಇದ್ದ ಅನ್ನುತ್ತಾರೆ. ನಾನು ತಲೆ ಆಡಿಸುತ್ತೇನೆ. ಅಮ್ಮನ ಮಾತನ್ನೂ ನಾನು ಪುರಾವೆಯೆಂದು ಒಪ್ಪಲಿಲ್ಲ. ಅವಳ ಲೆಕ್ಕದಲ್ಲಿ ಮೀನು ಒಂಬತ್ತು ಕಿಲೋ.

ಹೋದ ತಿಂಗಳು ಮೈಸೂರಿನ ಅಕೌಂಟೆಂಟ್ ಸಿಕ್ಕಿದರು. ಈಗ ನಿವೃತ್ತರು. ಕತ್ತರಿಸದ ಫೋಟೋ ಇದೆಯೇ ಎಂದು ಕೇಳಿದೆ. ಅವರು ಯಾವುದನ್ನೂ ಅಳಿಸುವವರಲ್ಲ, ಮನೆಗೆ ಹೋಗಿ ಅದೇ ಸಂಜೆ ಕಳಿಸಿದರು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ತಕ್ಕಡಿಯ ಮುಳ್ಳು ಬಿಸಿಲಿಗೆ ಹೊಳೆದು ತೂಕ ಕಾಣುವುದಿಲ್ಲ. ಎಡಕ್ಕೆ ರಿಗ್ಗರ್ ಎರಡೂ ಕಾಲ ಮೇಲೆ ನಿಂತಿದ್ದಾನೆ. ನಡುವೆ ಅಪ್ಪ ನಗುತ್ತಿದ್ದಾರೆ, ಮೀನಿನ ಕಿವಿರಿನಲ್ಲಿ ಅವರ ಬಲಗೈ. ಹೆಬ್ಬೆರಳ ಬುಡದಲ್ಲಿ ಗಾಳ ಇದೆ, ಅದರ ತುದಿಗೆ ಕತ್ತರಿಸಿದ ದಾರದ ಒಂದು ತುಂಡು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಅಪ್ಪನ ಪಕ್ಕದಲ್ಲಿ ನಿಂತ ನಾನು ಮಾತ್ರ ಆ ಹೆಬ್ಬೆರಳನ್ನು ನೋಡುತ್ತಿದ್ದೇನೆ.